ಅಭ್ಯಾಸ ಬಿಟ್ಟವನು

“ಅಪ್ಪ ಸತ್ತ ಮೇಲೆ ಅಭ್ಯಾಸ ಬಿಟ್ಟೆ ಅಂತ ಬರೆದಿದ್ದೀಯಲ್ಲ, ಯಾವ ಅಭ್ಯಾಸ ಮಾರಾಯ? ಬೀಡಿಯದ್ದಾ, ಬಾಟ್ಲಿಯದ್ದಾ?” ಎಂದು ಸರ್ವೋತ್ತಮರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದ್ದೇ ಸಭೆಗೆ ಸಭೆಯೇ ನಕ್ಕಿತು. ನಗು ಮುಂದಿನ ಸಾಲಿನ ಹಿರಿಯರಿಂದ ಹೊರಟು, ಪ್ಲಾಸ್ಟಿಕ್ ಕುರ್ಚಿಗಳ ಮೇಲಿಂದ ಹಿಂದಕ್ಕೆ ಹರಿದು, ಯೋಗೀಶನ ಎರಡೂ ಪಕ್ಕಗಳನ್ನು ಸವರಿಕೊಂಡು ಅಡುಗೆಕೋಣೆಯ ಬಾಗಿಲಿನ ಪರದೆಯವರೆಗೂ ಹೋಯಿತು. “ಇರಲಿ, ಇವನಾದರೂ ಅಪ್ಪ ಸತ್ತ ಮೇಲೆ ಬಿಟ್ಟ, ಕೆಲವರು ಆವಾಗಲೇ ಶುರು ಮಾಡುವುದು,” ಎಂದು ಅವರು ಇನ್ನೊಂದು ಸೇರಿಸಿದರು. ಮತ್ತೆ ನಗು. ಅವರ ಕೈಯಲ್ಲಿ ಯೋಗೀಶನ ಬ್ಲಾಗಿನ ಬರಹದ ಪ್ರಿಂಟ್‌ಔಟ್ ಇತ್ತು. ಆ ಸಾಲಿನ ಸುತ್ತ ಕೆಂಪು ಪೆನ್ನಿನಲ್ಲಿ ಎಳೆದ ಗೆರೆ ಕಾಗದದ ಹಿಂಬದಿಗೂ ಮೂಡಿ, ಕೂತಲ್ಲಿಂದಲೇ ಕಾಣುತ್ತಿತ್ತು. ಡೊಂಬಿವಲಿಯ ಕನ್ನಡ ಸಂಘದ ಈ ಕಾರ್ಯದರ್ಶಿ, ವಿಮಾ ಕಚೇರಿಯಿಂದ ನಿವೃತ್ತರಾದವರು, ಎಲ್ಲ ಶಿಬಿರಗಳಲ್ಲೂ ಮೊದಲ ಗಂಟೆ ಹೀಗೆ ಯಾರಾದರೊಬ್ಬನನ್ನು ಹಿಡಿದು ಸಭೆಯನ್ನು ನಗಿಸಿ ಹಗುರ ಮಾಡುವವರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. “ಹುಡುಗ ಶಾಲೆ ಬಿಟ್ಟೆ ಅಂತ ಹೇಳ್ಲಿಕ್ಕೆ ಹೊರಟದ್ದು, ಗೊತ್ತಾಗ್ತದೆ. ಗೊತ್ತಾದರೆ ಸಾಲದು. ಕನ್ನಡದಲ್ಲಿ ಗೊತ್ತಾಗ್ಬೇಕು. ಅರ್ಧಕ್ಕೆ ಬಿಟ್ಟ ಓದು ಹೀಗೇ ಎಲ್ಲೋ ಒಂದು ಕಡೆ ಬಾಲ ಹೊರಗೆ ಹಾಕ್ತದೆ.” ಆಮೇಲೆ ದನಿ ಇಳಿಸಿ, ಮಗುವಿಗೆ ಔಷಧಿಯಾದ ಮೇಲೆ ಸಕ್ಕರೆ ಕೊಡುವವರ ಹಾಗೆ, “ಪ್ರತಿಭೆ ಉಂಟು, ಇಲ್ಲ ಅಂತಲ್ಲ. ಊಟ ಆದ ಮೇಲೆ ಆ ಒಂದು ಸಾಲು ತಿದ್ದಿ ಇಲ್ಲಿ ನಿಂತು ಓದು. ಸ್ಮರಣ ಸಂಚಿಕೆಗೆ ಹಾಕುವಾ. ಹೆಸರು, ಫೋಟೋ ಎಲ್ಲ,” ಎಂದರು. ಪ್ರಿಂಟ್‌ಔಟ್ ಕೈಯಿಂದ ಕೈಗೆ ದಾಟಿ ಹಿಂದೆ ಬಂತು. ದಾಟಿಸಿದವರೆಲ್ಲ ಕೆಂಪು ಗೆರೆಯೊಳಗೆ ಒಮ್ಮೆ ಇಣುಕಿಯೇ ದಾಟಿಸಿದರು.

ಅವನಿಗೆ ಅವರ ನಗು ಅಷ್ಟು ಚುಚ್ಚಲಿಲ್ಲ. ತಾನೂ ನಕ್ಕಿದ್ದ. ಎರಡನೆಯ ಮಾತಿಗೆ, ಅಪ್ಪನ ಸಾವನ್ನು ಹಿಡಿದು ಆಡಿದ ಮಾತಿಗೆ, ತನ್ನ ತುಟಿ ತಾನಾಗಿ ಅಗಲವಾಗಿ, ಹಲ್ಲು ಕಾಣಿಸಿ, ಗಂಟಲಿನಿಂದ ಹೆ ಹೆ ಎಂದು ಏನೋ ಹೊರಬಿದ್ದದ್ದು ಈಗ ಕಿವಿಯಲ್ಲಿ ಕೂತುಬಿಟ್ಟಿತ್ತು. ಅವನು ಕೆಲಸ ಮಾಡುವ ಭಿವಂಡಿಯ ಗೋಡೌನಿನಲ್ಲಿ ಸೂಪರ್‌ವೈಸರ್ “ಕ್ಯಾ ರೇ ಅಣ್ಣಾ, ಇಡ್ಲಿ ಖಾಕೇ ಆಯಾ ಕ್ಯಾ” ಎಂದಾಗಲೂ ಇದೇ ನಗು. ಮನೆ ಮಾಲೀಕನ ಮುಂದೆಯೂ ಇದೇ. ಅದನ್ನು ಮುಖದಿಂದ ಕಿತ್ತೊಗೆಯಬೇಕು ಎಂದು ಬ್ಲಾಗಿನಲ್ಲಿ ಒಮ್ಮೆ ಉರಿದುಕೊಂಡು ಬರೆದಿದ್ದ, ಮರುದಿನ ಡಿಲೀಟ್ ಮಾಡಿದ್ದ. ಪಕ್ಕದ ಕುರ್ಚಿಯ ಹುಡುಗಿ, ಖಾರಘರದ ಕಾಲೇಜಿನವಳು, ನಿಶ್ಮಿತಾ ಎಂದು ಪರಿಚಯದ ಹೊತ್ತಿನಲ್ಲಿ ಹೇಳಿಕೊಂಡವಳು, ಅಮ್ಮನ ಒತ್ತಾಯಕ್ಕೆ ಬಂದು ಇಂಗ್ಲಿಷಿನಲ್ಲಿ ಬ್ಲಾಗ್ ಬರೆಯುವವಳು, ಎಲ್ಲರಿಗಿಂತ ತಡವಾಗಿ ನಕ್ಕು ಅವನ ಕಡೆ ಬಾಗಿ, “ಮತ್ಲಬ್? ಬರೋಬರ್ ತೋ ಲಿಖಾ ಹೈ ನಾ?” ಸರಿಯಾಗೇ ಬರೆದಿದೆಯಲ್ಲ, ಎಂದು ಕೇಳಿದಳು. ಇವಳೂ ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವನು ಮುಖ ತಿರುಗಿಸಿದ. ತಿರುಗಿಸಿದಲ್ಲಿ ಗೋಡೆಯ ಬ್ಯಾನರ್ ಇತ್ತು: ಬರಹಗಾರರಿಗೂ ಬ್ಲಾಗಿಗರಿಗೂ ಆತ್ಮವಿಶ್ವಾಸ ಮತ್ತು ಒಳ್ಳೆಯ ಅಭ್ಯಾಸಗಳು, ಒಂದು ದಿನದ ಶಿಬಿರ. ಅದೇ ಶಬ್ದ, ಅವನ ತಲೆಗಿಂತ ದೊಡ್ಡ ಅಕ್ಷರಗಳಲ್ಲಿ.

ಈಗ ಹೊಳೆಯಿತು. ಶಿಬಿರದ ಸುದ್ದಿಯನ್ನು ಯಾರೋ ಅವನ ಬ್ಲಾಗಿನ ಕೆಳಗೆ ಅಂಟಿಸಿ ಹೋಗಿದ್ದಾಗ ಅವನು ಇದನ್ನು ಬೇರೆಯೇ ರೀತಿ ಓದಿದ್ದ. ಒಳ್ಳೆಯ ಅಭ್ಯಾಸ ಎಂದರೆ ಒಳ್ಳೆಯ ಓದು, ಎಂದರೆ ಡಿಗ್ರಿ. ಬರಹಗಾರನಿಗೆ ಎಷ್ಟು ಓದು ಆಗಿರಬೇಕು ಎಂದು ಹೇಳಿಕೊಡುತ್ತಾರೆ, ಒಳಗೆ ಬಿಡುವಾಗಲೇ ಸರ್ಟಿಫಿಕೇಟ್ ಕೇಳುತ್ತಾರೆ. ಆ ವಾರವಿಡೀ ಅದೇ ದಿಗಿಲು. ಕೇಳಿದರೆ ಒಂಬತ್ತರವರೆಗೆ ಎನ್ನುವುದೋ, ಹತ್ತು ಫೇಲ್ ಎನ್ನುವುದೋ? ಫೇಲ್ ಆದವನಿಗೆ ಪರೀಕ್ಷೆಗೆ ಕೂತ ಮರ್ಯಾದೆಯಾದರೂ ಉಂಟು. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಕೇಳಿದ್ದು ಹೆಸರು ಮತ್ತು ಮೊಬೈಲ್ ನಂಬರ್ ಮಾತ್ರ. ಅಷ್ಟಕ್ಕೇ ಅವನು ಎಷ್ಟು ಹಗುರವಾದನೆಂದರೆ ನಂಬರನ್ನು ತಪ್ಪಾಗಿ ಹೇಳಿ ಮತ್ತೆ ತಿದ್ದಿ ಹೇಳಬೇಕಾಯಿತು. ಈಗ ನೋಡಿದರೆ ಸರ್ಟಿಫಿಕೇಟನ್ನು ಅವನೇ ಬರೆದುಕೊಂಡು ಬಂದಿದ್ದ, ಒಂದೇ ಸಾಲಿನಲ್ಲಿ. ಸರ್ವೋತ್ತಮರು ಅದಕ್ಕೆ ಕೆಂಪು ಸೀಲು ಹಾಕಿದ್ದರು, ಅಷ್ಟೇ.

ಮುಂದಿನದನ್ನು ಅವನು ಅರ್ಧಂಬರ್ಧ ಕೇಳಿದ. ದಿನಾ ಒಂದೇ ಹೊತ್ತಿಗೆ ಕೂತು ಬರೆಯಬೇಕು. ಒಂದೇ ಜಾಗದಲ್ಲಿ ಬರೆಯಬೇಕು. ಬರೆದದ್ದನ್ನು ದೊಡ್ಡದಾಗಿ ಓದಿಕೊಳ್ಳಬೇಕು. ಎಷ್ಟು ಜನ ನೋಡಿದರು ಎಂದು ಗಳಿಗೆಗೊಮ್ಮೆ ಎಣಿಸಬಾರದು. ಸರ್ವೋತ್ತಮರು ಹೇಳುತ್ತಿದ್ದರು, ಜನ ಬರೆದುಕೊಳ್ಳುತ್ತಿದ್ದರು. ಯೋಗೀಶನಿಗೆ ಸಿಟ್ಟು ಬಂತು. ಈ ಮಾತುಗಳು ಸುಳ್ಳಾಗಿದ್ದರೆ ಎದ್ದು ಹೋಗಬಹುದಿತ್ತು. ಅವು ಸರಿಯಾಗಿದ್ದವು. ಅವನೇ ಯಾರ ಹತ್ತಿರವೂ ಕೇಳದೆ ಹಾಗೆ ಮಾಡುತ್ತಿದ್ದ. ಭಿವಂಡಿಗೆ ಹೋಗುವ ಗಾಡಿಗಾಗಿ ಕೋಪರ್ ಸ್ಟೇಷನ್ನಿನ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ದಿನಾ ಬೆಳಿಗ್ಗೆ ಕಾಯುವಾಗ, ಕೊನೆಯ ಕಂಬಕ್ಕೆ ಬೆನ್ನು ಕೊಟ್ಟು, ಮೊಬೈಲಿನಲ್ಲಿ ಬರೆಯುತ್ತಿದ್ದ. ಆ ಮೊಬೈಲಿಗೆ ಕನ್ನಡ ಬರುತ್ತಿರಲಿಲ್ಲ, ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಸಾಲಾಗಿ ನಿಲ್ಲುತ್ತಿದ್ದವು. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುತ್ತಿದ್ದ, ಬಟನ್ನುಗಳ ಮೇಲಿನ ಅಂಕಿ ಸವೆದುಹೋಗುವಷ್ಟು. ಕೆಳಗಿನ ಹಳಿಯಲ್ಲಿ ಫಾಸ್ಟ್ ಲೋಕಲ್ ದಡದಡನೆ ಹಾದುಹೋಗುವ ಹೊತ್ತು ನೋಡಿ ಬರೆದದ್ದನ್ನು ದೊಡ್ಡದಾಗಿ ಓದುತ್ತಿದ್ದ. ಗಾಡಿ ದಾಟಿ ಹೋದ ಕೂಡಲೇ ಬಾಯಿ ಮುಚ್ಚುತ್ತಿದ್ದ. ಭಾನುವಾರ ಹಿತೇಶನ ಸೈಬರ್ ಕೆಫೆಯಲ್ಲಿ ಕೂತು ಅದನ್ನು ಕನ್ನಡಕ್ಕೆ ಇಳಿಸುವುದು. “ಅರೇ ಯೋಗೀ, ಶಾದೀ ಡಾಟ್ ಕಾಮ್ ಪೇ ಬೈಠ್, ಕುಛ್ ತೋ ಮಿಲೇಗಾ,” ಹೆಣ್ಣು ಹುಡುಕುವ ಸೈಟಾದರೂ ನೋಡು ಎಂದು ಹಿತೇಶ್ ಬೆನ್ನ ಹಿಂದೆ ನಗುತ್ತಿದ್ದ. ಪೋಸ್ಟ್ ಒತ್ತಿದ ಮೇಲೆ ಶುರುವಾಗುತ್ತಿತ್ತು ನಿಜವಾದ ನಡುಕ. ಯಾರಾದರೂ ಓದಿಬಿಟ್ಟರೆ? ಯಾರೂ ಓದದಿದ್ದರೆ? ಸೋಮವಾರ ಗೋಡೌನಿನಲ್ಲಿ ಡಬ್ಬಗಳಿಗೆ ವಿಳಾಸದ ಚೀಟಿ ಅಂಟಿಸುತ್ತ, ಗುವಾಹಟಿ, ಇಂದೋರ್, ಕೊಯಮತ್ತೂರು ಎಂದು ಯಾರ್ಯಾರದ್ದೋ ಮನೆ ಬಾಗಿಲುಗಳನ್ನು ಕೈಯಿಂದ ದಾಟಿಸುತ್ತ, ತನ್ನದು ಮಾತ್ರ ಯಾವ ವಿಳಾಸಕ್ಕೂ ಹೋಗದೆ ಎಲ್ಲೋ ಬೆಲ್ಟಿನ ಮೇಲೆ ತಿರುಗುತ್ತಿದೆ ಎನ್ನಿಸುತ್ತಿತ್ತು. ಮುಂದಿನ ಭಾನುವಾರ ಹೋಗಿ ಡಿಲೀಟ್. ಅಪ್ಪನ ಬಗ್ಗೆ ಬರೆದದ್ದೊಂದನ್ನು ಮಾತ್ರ ಹಾಗೇ ಬಿಟ್ಟಿದ್ದ. ಅದರ ಮೇಲೆ ಕೈ ಇಟ್ಟಾಗಲೆಲ್ಲ ಆ ಒಂದು ಸಾಲು ಅವನನ್ನು ತಡೆಯುತ್ತಿತ್ತು. ಅಪ್ಪ ಸತ್ತ ಮೇಲೆ ನಾನು ಅಭ್ಯಾಸ ಬಿಟ್ಟೆ. ತನ್ನ ಕೈಯಿಂದ ಹೊರಬಂದದ್ದರಲ್ಲಿ ತಾನು ನಾಚದೆ ನೋಡಬಹುದಾದ ಸಾಲು ಅದೊಂದೇ ಎಂದುಕೊಂಡಿದ್ದ. ಬೇರೆ ಯಾವುದನ್ನು ಹಿಡಿದು ನಕ್ಕಿದ್ದರೂ ಅವನಿಗೆ ಇಷ್ಟು ಆಗುತ್ತಿರಲಿಲ್ಲ.

ಊಟದ ಸಾಲಿನಲ್ಲಿ ಅವನ ಹಿಂದೆ ಚಂದ್ರಾಮ ನಿಂತಿದ್ದ. ಕಲಬುರ್ಗಿ ಕಡೆಯವನು, ಥಾಣೆಯಲ್ಲಿ ಎಲೆಕ್ಟ್ರಿಕಲ್ ಕೆಲಸ, ವಚನದ ಧಾಟಿಯಲ್ಲಿ ಪದ್ಯ ಕಟ್ಟುವವನು. ತಟ್ಟೆಯನ್ನು ಎದೆಗೆ ಹಿಡಿದುಕೊಂಡು ಕಿವಿಯ ಹತ್ತಿರ ಬಂದು, “ಏ ತಮ್ಮಾ, ಮನಸ್ಸಿಗೆ ಹಚ್ಕೋಬ್ಯಾಡ. ನಮ್ ಕಡಿಗೆ ಅಭ್ಯಾಸ ಅಂದ್ರ ಓದೂದೇ ನೋಡು. ನಮ್ಮವ್ವ ಇವತ್ತಿಗೂ ಮೊಮ್ಮಕ್ಕಳಿಗೆ ಅಭ್ಯಾಸ ಮಾಡ್ರಿ ಅಂತಾಳ. ನೀ ಬರದದ್ದು ತಪ್ಪೇ ಅಲ್ಲ,” ಎಂದ.

“ಹೌದಾ? ಮತ್ತೆ ಅಲ್ಲಿ ಹೇಳ್ಲಿಲ್ಲ ಯಾಕೆ?” ಯೋಗೀಶನ ದನಿ ಅವನಿಗೇ ಗೊತ್ತಾಗದ ಹಾಗೆ ಏರಿತ್ತು.

“ಅಲ್ಲೇ ಹೇಳಬೇಕಂದೆ. ಆದ್ರ ಎಲ್ಲಾರೂ ನಗಾಕತ್ತಿದ್ರಲ್ಲೋ.” ಚಂದ್ರಾಮ ತಟ್ಟೆಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡ. “ಮುಂದಿನ ತಿಂಗಳ ಪದ್ಯ ಓದಾಕ ನನ್ನ ಕರದಾರ ಅವರು.”

“ನೀವೂ ನಕ್ಕಿರಿ.”

“ನಕ್ಕೆ,” ಎಂದ ಚಂದ್ರಾಮ. “ನೀನೂ ನಕ್ಕಿ.”

ಯೋಗೀಶನಿಗೆ ಅವನ ತಟ್ಟೆಗೆ ಒಂದು ಏಟು ಹಾಕಬೇಕೆನ್ನಿಸಿತು. ಸಾಲು ಮುಂದೆ ಸರಿಯಿತು. ಪರದೆಯ ಆಚೆಯಿಂದ ಸಾರಿನ ಪಾತ್ರೆ ಹೊತ್ತು ಅಮ್ಮ ವಿನೋದಾ ಬಂದಳು. ಬೇರೆ ದಿನ ಎರಡು ಮನೆಗಳಲ್ಲಿ ಅಡುಗೆ ಮಾಡುವವಳು. ಇವತ್ತು ಸಂಘದ ಹೆಂಗಸರ ಜೊತೆ ತಾನಾಗಿ ಬಂದು ಸೇರಿದ್ದಳು, ಮದುವೆಗೆ ಉಡುವ ಹಸಿರು ಸೀರೆ ಉಟ್ಟು, ಅದರ ಮೇಲೆ ಹಳೆಯ ಟವೆಲ್ ಸಿಕ್ಕಿಸಿಕೊಂಡು. ಬರಬೇಡ ಎಂದು ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಬಡಿಸುವ ನೆವದಲ್ಲಿ ಅವನ ಹತ್ತಿರ ಬಾಗಿ ತುಳುವಿನಲ್ಲಿ ಪಿಸುಗುಟ್ಟಿದಳು. ನಿನ್ನ ಹೆಸರು ಹೇಳಿದ್ದು ಒಳಗೆ ಕೇಳಿಸಿತು, ಕುಕ್ಕರಿನ ಸದ್ದಿಗೆ ಮುಂದಿನದ್ದು ಕೇಳಲಿಲ್ಲ, ಆಮೇಲೆ ಎಲ್ಲರೂ ನಕ್ಕರಲ್ಲ, ನೀನು ತಮಾಷೆಯದ್ದು ಬರೆದಿದ್ದೀಯಾ?

“ಹೂಂ,” ಎಂದ.

ಅವಳ ಮುಖ ಅರಳಿತು. ನಿನ್ನ ಅಪ್ಪನೂ ಹಾಗೇ, ಹೋಟೆಲಿನವರನ್ನೆಲ್ಲ ನಗಿಸುತ್ತಿದ್ದರು ಎಂದಳು. ಹಪ್ಪಳ ಒಂದು ಹೆಚ್ಚಿಗೆ ಇಟ್ಟಳು. ಸಂಘದ ಹೆಂಗಸರಿಂದ ಕೇಳಿ ತಿಳಿದದ್ದನ್ನು ಹಿಂದಿದ್ದ ಚಂದ್ರಾಮನಿಗೆ, ನಮ್ಮ ಮಗ, ಊಟ ಆದ ಮೇಲೆ ಓದ್ತಾನಂತೆ, ಪುಸ್ತಕದಲ್ಲಿ ಫೋಟೋ ಬರ್ತದಂತೆ, ಎಂದು ಕನ್ನಡದಲ್ಲಿ ಹೇಳಿ ಅವನಿಗೂ ಒಂದು ಹೆಚ್ಚಿಗೆ ಇಟ್ಟಳು. ಚಂದ್ರಾಮ ನೆಲ ನೋಡಿದ. ಯೋಗೀಶ ತಟ್ಟೆ ಹಿಡಿದು ಕುರ್ಚಿಗಳನ್ನೆಲ್ಲ ದಾಟಿ, ಜನ ಇಲ್ಲದ ಹಿಂದಿನ ಮೆಟ್ಟಿಲ ಕಡೆ ನಡೆದ. ಹಪ್ಪಳ ಗಾಳಿಗೆ ತಟ್ಟೆಯಲ್ಲಿ ಅಲುಗುತ್ತಿತ್ತು.

ಮೆಟ್ಟಿಲಲ್ಲಿ ಕೂತು ಪ್ರಿಂಟ್‌ಔಟ್ ಬಿಡಿಸಿದ. ಒಂದೇ ಸಾಲು. ತಿದ್ದಿದರೆ ಏನು ಗಂಟು ಹೋಗುವುದು? ಶಾಲೆ ಬಿಟ್ಟೆ ಎಂದು ಬರೆ. ಶಾಲೆಯನ್ನು ಎಲ್ಲರೂ ದಿನಾ ಸಂಜೆ ಬಿಡುತ್ತಾರೆ, ಗಂಟೆ ಹೊಡೆದ ಕೂಡಲೇ. ಓದು ಬಿಟ್ಟೆ ಎಂದು ಬರೆ. ಅದು ಸುಳ್ಳು. ಓದು ಅವನನ್ನು ಬಿಟ್ಟದ್ದೇ ಇಲ್ಲ, ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಅವನು ಬಿಡಿಸಿ ಓದುತ್ತಿದ್ದ. ವಿದ್ಯಾಭ್ಯಾಸವನ್ನು ಮೊಟಕುಗೊಳಿಸಿದೆ. ಇದನ್ನು ಮನಸ್ಸಿನಲ್ಲಿ ಆಡಿ ನೋಡಿದ, ಬಾಯಿಯಲ್ಲಿ ರೇಷನ್ ಆಫೀಸಿನ ಬೆಂಚಿನ ರುಚಿ ಬಂತು. ಯಾರ ಅಪ್ಪ ಸತ್ತರೂ ಯಾವ ಮಗನೂ ವಿದ್ಯಾಭ್ಯಾಸ ಮೊಟಕುಗೊಳಿಸುವುದಿಲ್ಲ. ಆದರೂ ಇವರಿಗೆ ಅದು ಬೇಕು. ಆ ಸಾಲನ್ನು ಬರೆದುಕೊಟ್ಟರೆ ಹೆಸರು ಬರುತ್ತದೆ, ಫೋಟೋ ಬರುತ್ತದೆ, ಅಮ್ಮ ಪುಸ್ತಕವನ್ನು ಸೀರೆಯಲ್ಲಿ ಸುತ್ತಿ ಆ ಎರಡು ಮನೆಗಳಿಗೂ ಒಯ್ದು ತೋರಿಸುತ್ತಾಳೆ. ಬರೆದುಕೊಡದಿದ್ದರೆ ಇವತ್ತು ಸಂಜೆಯೇ ಬ್ಲಾಗನ್ನು ಮುಚ್ಚಿಬಿಡುತ್ತೇನೆ ಎಂದು ತನಗೆ ತಾನೇ ಬೆದರಿಕೆ ಹಾಕಿಕೊಂಡ. ಪೆನ್ನು ಜೇಬಿನಲ್ಲಿತ್ತು. ತೆಗೆದ. ಮುಚ್ಚಳ ಬಿಚ್ಚಿದ.

ಅಪ್ಪ ಲೋಕನಾಥ ಆ ಶಬ್ದವನ್ನು ಪುಸ್ತಕದಿಂದ ತಂದದ್ದಲ್ಲ. ಅಪ್ಪ ಪುಸ್ತಕದ ಹತ್ತಿರ ಹೋದವನಲ್ಲ. ಥಾಣೆಯ ವರ್ತಕ ನಗರದ ಹೋಟೆಲಿನಲ್ಲಿ ಬೆಳಕು ಹರಿಯುವ ಮೊದಲೇ ದೋಸೆ ಕಾವಲಿಯ ಮುಂದೆ ನಿಂತು, ದೀಪ ಹಚ್ಚುವ ಹೊತ್ತಿಗೆ ಡೊಂಬಿವಲಿಯ ಸಾಲುಮನೆಗಳ ಚಾಳಿಗೆ ಹಿಂತಿರುಗುವಾಗ ಎಲ್ಲ ಬಾಗಿಲುಗಳಿಂದಲೂ ಹೆಂಗಸರು ಮಕ್ಕಳ ಮೇಲೆ ಕೂಗುತ್ತಿದ್ದರು, ಅಭ್ಯಾಸ ಕರ್, ಅಭ್ಯಾಸ ಕರ್. ಮರಾಠಿಯಲ್ಲಿ ಅದು ಪಾಠ ಓದು ಎನ್ನುವುದಕ್ಕೆ. ಇಡೀ ಚಾಳು ಆ ಹೊತ್ತು ಅದೊಂದೇ ಮಾತು ಆಡುತ್ತಿತ್ತು. ಅಪ್ಪನಿಗೆ ಅದು ಹಿಡಿಸಿಬಿಟ್ಟಿತ್ತು, ತನ್ನ ಮನೆಯಿಂದಲೂ ಆ ಕೂಗು ಹೋಗಬೇಕು. ಚಾಪೆಯ ಮೇಲೆ ಅಡ್ಡಾಗಿ, ಹುಳಿ ಹಿಟ್ಟಿನ ವಾಸನೆಯ ಮೊಳಕೈಯನ್ನು ಕಣ್ಣಿನ ಮೇಲೆ ಹಾಕಿಕೊಂಡು, “ಅಭ್ಯಾಸ ಮಲ್ಪು” ಎನ್ನುತ್ತಿದ್ದ. ಮಾಡು ಎನ್ನುವುದಕ್ಕೆ ತುಳು, ಓದಿಗೆ ಮರಾಠಿ, ಓದಬೇಕಾದದ್ದು ಕನ್ನಡ. ಮಗ ದೊಡ್ಡದಾಗಿ ಓದಬೇಕು. ಓದುತ್ತಿದ್ದರೆ ಅಪ್ಪ ನಿದ್ದೆ ಹೋಗುತ್ತಿದ್ದ. ನಿಲ್ಲಿಸಿದರೆ, ಫ್ಯಾನು ನಿಂತಾಗ ಎಚ್ಚರವಾಗುವ ಹಾಗೆ ಎಚ್ಚರವಾಗಿ, ಕೈ ತೆಗೆಯದೆ ಮತ್ತೆ ಅದೇ ಮಾತು. ಪಾಠ ಮುಗಿದುಹೋದ ದಿನ ಏನು ಮಾಡುವುದು? ಪುಸ್ತಕ ತೆರೆದಿಟ್ಟುಕೊಂಡು, ಅದೇ ಪಾಠದ ರಾಗದಲ್ಲಿ, ಇಲ್ಲದ್ದನ್ನು ಓದುತ್ತಿದ್ದ. ಕಲ್ಯಾಣದ ರಾಜನು ಒಂದು ದಿನ ಲೋಕಲಿನಲ್ಲಿ ಸೀಟು ಸಿಗದೆ ದುಃಖಿತನಾದನು. ಆಗ ಮಂತ್ರಿಯು, ಪ್ರಭುವೇ, ಉಲ್ಲಾಸನಗರದಲ್ಲಿ ಕೆಲವರು ಇಳಿಯುವರು ಎಂದನು. ಹೀಗೆ ಎಷ್ಟು ಹೊತ್ತು ಬೇಕಾದರೂ. ಅಪ್ಪ ಗೊರಕೆ ಹೊಡೆಯುತ್ತಿದ್ದ. ಸ್ಟೌವಿನ ಹತ್ತಿರ ಅಮ್ಮ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು, ಆ ಬೆನ್ನು ಒಮ್ಮೊಮ್ಮೆ ಸಣ್ಣಗೆ ಕುಲುಕುತ್ತಿತ್ತು. ಅಳುವುದೋ ನಗುವುದೋ ಆಗ ಅವನು ನೋಡಲು ಹೋಗಿರಲಿಲ್ಲ, ಓದು ನಿಂತರೆ ಅಪ್ಪನಿಗೆ ಎಚ್ಚರವಾಗುತ್ತಿತ್ತು. ಕಾಮಾಲೆ ಬಂದು ಹಳದಿಯಾಗಿ ಮಲಗಿದ ದಿನಗಳಲ್ಲಿ ಅಪ್ಪ ಅದನ್ನೂ ಹೇಳುವುದು ಬಿಟ್ಟ. ಆಮೇಲೆ ಚಾಪೆ ಸುತ್ತಿ ಮೂಲೆಗೆ ನಿಂತಿತು. ಸಂಜೆ ಎಲ್ಲ ಬಾಗಿಲುಗಳಿಂದ ಕೂಗು ಬರುತ್ತಿತ್ತು, ಅವನ ಮನೆಯಲ್ಲಿ ಓದು ನಿಲ್ಲಿಸಿದರೂ ಎಚ್ಚರವಾಗುವವರು ಯಾರೂ ಇರಲಿಲ್ಲ. ಇದಕ್ಕೆಲ್ಲ ಶಾಲೆ ಎನ್ನಬೇಕೋ? ಸರ್ವೋತ್ತಮರ ಪೆನ್ನಿನ ಆ ಕೆಂಪು ಗೆರೆಯೊಳಗೆ ಚಾಪೆ ಇದೆ, ಗೊರಕೆ ಇದೆ, ಕಲ್ಯಾಣದ ರಾಜ ಇದ್ದಾನೆ ಎಂದು ಯಾರಿಗೆ ಬಿಡಿಸಿ ಹೇಳುವುದು, ಯಾಕೆ ಹೇಳಬೇಕು?

ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಸರ್ವೋತ್ತಮರು ಫೋನು ಕಿವಿಗೆ ಒತ್ತಿಕೊಂಡು, ಸಿಗ್ನಲ್ ಹುಡುಕುತ್ತ ಮೂಲೆಗೆ ಬಂದು ನಿಂತಿದ್ದರು. ಅವನು ಕೂತದ್ದು ಅವರಿಗೆ ಕಾಣಲಿಲ್ಲ. ವೇದಿಕೆಯ ದನಿ ಅಲ್ಲ, ಯಾರ ಮುಂದೆಯೋ ಮರಾಠಿಯಲ್ಲಿ ಸಣ್ಣದಾಗಿ ಬೇಡುವ ದನಿ. “ಪೃಥ್ವೀ, ಬಾಳಾ, ಆಜೋಬಾ ಬೋಲ್ತೋಯ್. ಅಭ್ಯಾಸ ಝಾಲಾ ಕಾ?” ಅಭ್ಯಾಸ ಆಯಿತಾ ಎಂದು ಮೊಮ್ಮಗನನ್ನು ಕೇಳಿದ್ದು. ಆ ಕಡೆಯಿಂದ ಏನೋ ಬಂತು. “ನಾಹೀ, ನಾಹೀ. ಆಧೀ ಅಭ್ಯಾಸ, ಮಗ್ ಟೀವೀ.” ಮೊದಲು ಅಭ್ಯಾಸ, ಆಮೇಲೆ ಟೀವಿ. ಮತ್ತೆ, ತೀರಾ ಮೆಲ್ಲಗೆ, “ಪೃಥ್ವೀ, ಅಜ್ಜ ಅನ್ನು ನೋಡುವಾ ಒಮ್ಮೆ. ಅಜ್ಜ. ಅ... ಹಲೋ? ಹಲೋ?” ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಅಂಗಿಯ ತುದಿಯಿಂದ ಒರೆಸಿದರು. ತಿರುಗಿದಾಗ ಕೆಳಗಿನ ಮೆಟ್ಟಿಲಲ್ಲಿ ತಟ್ಟೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಯೋಗೀಶ ಕಂಡ.

“ಊಟ ಆಯ್ತಾ?” ಎಂದರು ಸರ್ವೋತ್ತಮರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಯೋಗೀಶನಿಗೆ ಮೊದಲು ಬಂದದ್ದು ಸಂತೋಷ. ಸಿಕ್ಕಿತು. ಇವರ ಮನೆಯಲ್ಲಿ ಅಭ್ಯಾಸ ಎಂದರೆ ಏನು? ಮೊಮ್ಮಗ ಬೀಡಿ ಬಿಟ್ಟನೇ ಎಂದು ಕೇಳಿದ್ದೋ? ಇದನ್ನು ಅಲ್ಲಿ ನಿಂತು ಕೇಳಿದರೆ ಸಭೆ ಮತ್ತೆ ನಗುತ್ತದೆ, ಆ ನಗು ಹಿಂದಿನಿಂದ ಮುಂದಕ್ಕೆ ಹರಿದು ಅವರ ಕನ್ನಡಕಕ್ಕೆ ಹೊಡೆಯುತ್ತದೆ. ಮಾತನ್ನು ಬಾಯಲ್ಲಿ ಜೋಡಿಸಿದ, ಒಡೆದ, ಮತ್ತೆ ಜೋಡಿಸಿದ. ಮೊದಲು ನಮಸ್ಕಾರ ಎನ್ನಬೇಕು, ಆಮೇಲೆ ನಿಮ್ಮ ಪೃಥ್ವಿಯನ್ನೇ ಕೇಳಿ ಸಾರ್ ಎನ್ನಬೇಕು. ಪೃಥ್ವಿ ಎನ್ನುವಾಗ ಥ ಒತ್ತಿ ಹೇಳಬೇಕು. ಪಕ್ಕದ ಹುಡುಗಿ ಕೇಳಿದ್ದೂ ಈಗ ಅರ್ಥವಾಯಿತು, ಅವಳಿಗೆ ಆ ಸಾಲು ನಿಜವಾಗಿಯೂ ಸರಿ ಕಂಡಿತ್ತು. ಇಡೀ ಸಭೆಯಲ್ಲಿ ಅವನ ಕನ್ನಡ ಸರಿ ಎಂದು ಆಗಲೇ ಬಾಯಿಬಿಟ್ಟು ಹೇಳಿದವಳು ಕನ್ನಡ ಓದಲು ಬಾರದ ಅವಳೊಬ್ಬಳೇ. ಸಾರು ಆರಿ ಅನ್ನದ ಮೇಲೆ ಹೆಪ್ಪಾಗಿತ್ತು. ತಟ್ಟೆಯನ್ನು ಬದಿಗೆ ಸರಿಸಿದ. ಪೆನ್ನನ್ನು ಮುಚ್ಚದೆಯೇ ಜೇಬಿಗೆ ಹಾಕಿಬಿಟ್ಟಿದ್ದ, ಶರ್ಟಿನ ಜೇಬಿನ ಕೆಳಗೆ ನೀಲಿ ಕಲೆ ನಾಣ್ಯದಷ್ಟಾಗಿ ಹರಡಿಕೊಂಡಿತ್ತು.

ಅವನ ಹೆಸರು ಕೂಗಿದರು. ಮೈಕಿನ ಮುಂದೆ ಹೋಗುವಾಗ ಕಲೆಯ ಮೇಲೆ ಪ್ರಿಂಟ್‌ಔಟ್ ಅಡ್ಡ ಹಿಡಿದುಕೊಂಡ, ನಿಂತ ಮೇಲೆ ಅದನ್ನು ತೆಗೆಯಬೇಕಾಯಿತು. ಸರ್ವೋತ್ತಮರು ಪಕ್ಕದ ಮೇಜಿನ ಹಿಂದೆ ಸಂಚಿಕೆಯ ಕಟ್ಟು ಬಿಚ್ಚಿ, ಅದರಲ್ಲಿದ್ದ ಇನ್ನೊಂದು ಪ್ರತಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಅವನ ಮುಖ ನೋಡಲಿಲ್ಲ. ಅಡುಗೆಕೋಣೆಯ ಪರದೆ ಸರಿಯಿತು. ಅಮ್ಮ ಟವೆಲಿಗೆ ಕೈ ಒರೆಸುತ್ತ ಬಂದು ಬಾಗಿಲಿಗೆ ಒರಗಿದಳು. ನಗಲು ತಯಾರಾಗಿ ನಿಂತಿದ್ದಳು, ತಮಾಷೆಯದ್ದು ಎಂದು ಅವನೇ ಹೇಳಿದ್ದನಲ್ಲ.

ಓದಿದ. ಮೊದಲ ಸಾಲುಗಳು ಮೈಕಿಗೂ ಕೇಳಲಿಲ್ಲ. ಯಾರೋ “ಜೋರಾಗಿ” ಎಂದರು. ಲೋಕಲ್ ಹಾದುಹೋಗುವ ಸದ್ದಿಲ್ಲದೆ ತನ್ನ ದನಿಯನ್ನು ಅವನು ಕೇಳಿದ್ದೇ ಇಲ್ಲ, ಅದು ಇಷ್ಟು ತೆಳ್ಳಗಿದೆ ಎಂದು ಗೊತ್ತಿರಲಿಲ್ಲ. ಕೆಂಪು ಗೆರೆ ಹತ್ತಿರ ಬಂತು. ಅಪ್ಪ ಸತ್ತ ಮೇಲೆ, ಎಂದು ಓದಿ ಉಸಿರು ತೆಗೆದುಕೊಂಡ. ಮುಂದಿನ ಸಾಲಿನಲ್ಲಿ ಯಾರೋ ಆಗಲೇ ನಗುವಿಗೆ ಬಾಯಿ ತೆರೆದಿದ್ದರು. ನಾನು ಅಭ್ಯಾಸ ಬಿಟ್ಟೆ, ಎಂದು ಓದಿದ. ಇದ್ದ ಹಾಗೇ. ಒಂದೆರಡು ಕಡೆ ಖಿಸಕ್ಕೆಂದಿತು. ಅಮ್ಮ ನಗಲಿಲ್ಲ. ಟವೆಲಿನಲ್ಲಿದ್ದ ಅವಳ ಕೈ ನಿಂತಿತು, ಅಷ್ಟೇ. ಆ ಶಬ್ದ ಅವಳಿಗೆ ಚಾಪೆಯ ಕಡೆಯಿಂದ ಕೇಳಿಸಿತೆಂದು ಅವನಿಗೆ ಇಲ್ಲಿಂದಲೇ ಕಂಡಿತು. ಕಂಡದ್ದೇ ಅವನಿಗೆ ಭಯವಾಯಿತು. ಈಗ ನಿಲ್ಲಿಸಬಾರದು, ನಿಲ್ಲಿಸಿದರೆ ಎಚ್ಚರವಾಗುತ್ತದೆ. ಮುಂದೆ ಓದಿದ. ಕಾಗದ ಮುಗಿಯಿತು. ಕಾಗದ ಮುಗಿದ ಮೇಲೂ ಅದನ್ನೇ ನೋಡುತ್ತ ಓದಿದ. ಮೊಳಕೈಯ ಹುಳಿ ವಾಸನೆ ಓದಿದ, ಫ್ಯಾನು ಓದಿದ, ಎಲ್ಲ ಬಾಗಿಲುಗಳ ಕೂಗನ್ನು ಓದಿದ. ಕಲ್ಯಾಣದ ರಾಜನು ಒಂದು ದಿನ ಲೋಕಲಿನಲ್ಲಿ ಸೀಟು ಸಿಗದೆ ದುಃಖಿತನಾದನು ಎಂದು ಪಾಠದ ರಾಗದಲ್ಲಿ ಓದಿದಾಗ ನಗಬೇಕೋ ಬೇಡವೋ ಸಭೆಗೆ ತಿಳಿಯಲಿಲ್ಲ. ಮೇಜಿನ ಮೇಲೆ ಸರ್ವೋತ್ತಮರ ಬೆರಳು ಪುಟದ ಕೊನೆಯವರೆಗೆ ಇಳಿದು, ಹಾಳೆ ತಿರುವಿ, ಬಿಳಿ ಹಿಂಬದಿಯ ಮೇಲೆ ಅಲೆಯಿತು. “ಇದು ಎಲ್ಲುಂಟು? ಇಲ್ಲಿ ಇಲ್ಲವಲ್ಲ,” ಎಂದು ತಮ್ಮಷ್ಟಕ್ಕೆ ಗೊಣಗಿದರು. ಬಾಗಿಲಲ್ಲಿ ಅಮ್ಮ ಬಾಯಿಗೆ ಟವೆಲ್ ಒತ್ತಿಕೊಂಡಿದ್ದಳು. ಅವಳ ಭುಜ ಸಣ್ಣಗೆ ಕುಲುಕುತ್ತಿತ್ತು. ಈ ಸಲ ಅವನು ನೋಡಿದ. ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವನು ಪುಸ್ತಕದಲ್ಲಿ ಇಲ್ಲದ್ದನ್ನು ಓದುತ್ತಿದ್ದದ್ದು ಅವಳಿಗೆ ಆಗಲೂ ಗೊತ್ತಿತ್ತು.

ಅವನು ನಿಲ್ಲಿಸಿದ. ಮೈಕು ಒಮ್ಮೆ ಕೀ ಎಂದಿತು.

ಚಪ್ಪಾಳೆ ಬರಲಿಲ್ಲ. ನಿಶ್ಮಿತಾ ಎರಡು ಸಲ ತಟ್ಟಿ, ಬೇರೆ ಯಾರೂ ತಟ್ಟದಿರುವುದು ನೋಡಿ ಕೈ ಮಡಿಲಿಗೆ ಇಳಿಸಿದಳು. ಸರ್ವೋತ್ತಮರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಡೀ ಸಭೆ ಅವರನ್ನು ನೋಡುತ್ತಿತ್ತು, ಏನಾದರೂ ಹೇಳಲೇಬೇಕಿತ್ತು. “ಅಲ್ಲಪ್ಪಾ,” ಎಂದರು. ನಗಿಸಲು ಹೊರಟ ದನಿ ಅರ್ಧದಲ್ಲೇ ದಾರಿ ತಪ್ಪಿತು. “ಇಲ್ಲದ್ದನ್ನೆಲ್ಲ ಓದಿದೆ, ಇದ್ದ ಒಂದು ಸಾಲು ತಿದ್ದಲಿಲ್ಲ. ಸಂಚಿಕೆಗೆ ನಾನು ಇದನ್ನು ಹೇಗೆ ಹಾಕ್ಲಿ? ಜನ ಕೇಳ್ತಾರಲ್ಲ. ಬೆಳಿಗ್ಗೆ ಕೇಳಿದ್ದಕ್ಕೂ ನೀನು ಉತ್ತರ ಕೊಡ್ಲಿಲ್ಲ. ಹೇಳು, ಯಾವ ಅಭ್ಯಾಸ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಥ ಒತ್ತಿ ಹೇಳಲು ಹಲ್ಲು ಕೂಡ ಸಿದ್ಧವಾಗಿತ್ತು. ಮೂರನೆಯ ಸಾಲಿನಿಂದ ಚಂದ್ರಾಮ, ಹೇಳಿಬಿಡು ಎನ್ನುವ ಹಾಗೆ ಗದ್ದ ಎತ್ತಿದ. ಯೋಗೀಶ ಸರ್ವೋತ್ತಮರನ್ನು ನೋಡಿದ. ಕನ್ನಡಕದ ಹಿಂದಿನ ಕಣ್ಣು ಅವನನ್ನು ಬಿಟ್ಟು ಮೇಜಿನ ಮೇಲಿದ್ದ ಫೋನಿನ ಕಡೆ ಹೋಗಿ ಬಂತು. ಅವರಿಗೂ ಗೊತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ಗೊತ್ತಾಗಿತ್ತು, ಈಗ ಬೀಳುವ ಏಟಿಗೆ ಮುಖವನ್ನು ಬಿಗಿಹಿಡಿದು ಕೂತಿದ್ದರು, ಮತ್ತು ಆ ಮುಖದ ಮೇಲೆ, ತುಟಿ ತಾನಾಗಿ ಅಗಲವಾಗಿ, ಹಲ್ಲು ಸ್ವಲ್ಪ ಕಾಣಿಸಿ, ಒಂದು ನಗು ಸಿದ್ಧವಾಗುತ್ತಿತ್ತು. ಆ ನಗು ಯೋಗೀಶನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಮುಖದ ಒಳಬದಿಯಿಂದ ಅದನ್ನು ಅವನು ಎಷ್ಟೋ ಸಲ ನೋಡಿದ್ದ.

ಅವನು ತನ್ನ ತುಟಿ ಮುಟ್ಟಿ ನೋಡಿಕೊಂಡ. ಅಲ್ಲಿ ನಗು ಇರಲಿಲ್ಲ. ಪ್ರಿಂಟ್‌ಔಟನ್ನು ಕೆಂಪು ಗೆರೆ ಮೇಲೆ ಬರುವ ಹಾಗೆ ಮೇಜಿನ ಮೇಲೆ ಇಟ್ಟ, ವೇದಿಕೆ ಇಳಿದ, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದ. “ಏ, ಹೇಳಿ ಹೋಗು ಮಾರಾಯ,” ಎಂದಿತು ಮೈಕು. ಬಾಗಿಲಲ್ಲಿ ಅಮ್ಮ ಅವನಿಗೆ ದಾರಿ ಬಿಟ್ಟು ಸರಿದು ನಿಂತಳು. ಹೊರಗೆ ರಸ್ತೆಯ ಬಿಸಿಲಿನಲ್ಲಿ ಜೇಬಿನ ನೀಲಿ ಕಲೆ ಎಲ್ಲರಿಗೂ ಕಾಣುವ ಹಾಗೆ ಇತ್ತು. ಅವನು ಕೈ ಅಡ್ಡ ಇಡಲಿಲ್ಲ, ಸ್ಟೇಷನ್ನಿನ ಕಡೆ ನಡೆದ, ತುಟಿ ಅಲುಗಿಸುತ್ತ, ಯಾವ ಗಾಡಿಯ ಸದ್ದಿಗೂ ಕಾಯದೆ.